ಹೆಸರು ಕೊರೆಸಿದ ಸ್ಟೀಲ್ ಡಬ್ಬ

ಉಮ್ ಅಲ್ ಹಸ್ಸಮ್, ಬಹರೈನ್
19 ನವೆಂಬರ್ 2012

ಪ್ರೀತಿಯ ಜೋಯ್ಲಿನ್‌ಳ ಪಪ್ಪಾ,

ಹಡಗಿನಲ್ಲಿ ಬಿಪಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಿ ತಾನೇ? ಹೌದೆಂದು ಬರೆದರೆ ನಾನು ನಂಬುವುದಿಲ್ಲ. ಖಾಲಿ ಸ್ಟ್ರಿಪ್‌ಗಳನ್ನು ಎಸೆಯದೆ ತನ್ನಿ, ಎಣಿಸಿ ನೋಡುತ್ತೇನೆ. ನನ್ನ ಮೊಣಕಾಲು ನೋವು ಹಾಗೆಯೇ ಇದೆ. ಜಪಾನಿನಿಂದ ಶುಕ್ರವಾರ ಬಂದೆ. ಮಗಳು ಚೆನ್ನಾಗಿದ್ದಾಳೆ, ಕನಜಾವಾದ ಆ ಹೋಟೆಲ್ ಕೆಲಸದಲ್ಲಿ ಸ್ವಲ್ಪ ತೆಳ್ಳಗಾಗಿದ್ದಾಳೆ.

ಇನ್ನು ಅವಳು ಮದುವೆಯಾಗುತ್ತೇನೆ ಎನ್ನುವ ಹುಡುಗ, ಕೆಂಜಿಯ ವಿಷಯ. "ನೀನು ಹೋಗಿ ನೋಡಿ ಬಾ, ನಿನ್ನ ಮಾತೇ ಕೊನೆ" ಎಂದು ಹೇಳಿ ನೀವು ಹಡಗು ಹತ್ತಿದಿರಿ. ಬೇಡ ಎಂದು ಹೇಳುವ ಕೆಲಸವನ್ನು ನನ್ನ ತಲೆಗೆ ಕಟ್ಟಿದಿರಿ ಮಾರಾಯ್ರೆ. ನಮ್ಮ ಕಡೆ ಹುಡುಗನ ಮನೆ ನೋಡಲು ಹೇಳಿಯೇ ಹೋಗುತ್ತೇವೆ. ಅವರು ನೆರೆಮನೆಯ ಕುರ್ಚಿ ತಂದಿಟ್ಟು, ಹೊಸ ಬೆಡ್‌ಶೀಟ್ ಹಾಸಿರುತ್ತಾರೆ. ಆದ್ದರಿಂದ ನಾನು ಹೇಳದೆ ಹೋದೆ. ಎಲ್ಲರೂ ಮರುದಿನ ಭೇಟಿಯಾಗುವುದೆಂದು ಜೋಯ್ಲಿನ್ ಗೊತ್ತು ಮಾಡಿದ್ದಳು. ಅವಳು ಡ್ಯೂಟಿಗೆ ಹೋದದ್ದೇ ತಡ, ಟ್ಯಾಕ್ಸಿಯವನಿಗೆ ವಿಳಾಸದ ಚೀಟಿ ತೋರಿಸಿ, ಗಿರಾಕಿಯ ಹಾಗೆ ಹುಡುಗನ ಮನೆಯವರ ಸಿಹಿತಿಂಡಿ ಅಂಗಡಿಗೆ ಹೋದೆ.

ಇನ್ನೂರು ವರ್ಷದ ಅಂಗಡಿಯಂತೆ, ಎಣಿಸಿದವರು ಯಾರೋ. ಬೋರ್ಡಿಲ್ಲ, ಬಾಗಿಲಿಗೆ ಒಂದು ನೀಲಿ ಬಟ್ಟೆ ನೇತುಹಾಕಿದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಗಾಜಿನ ಪೆಟ್ಟಿಗೆಯಲ್ಲಿ ಏಳೇ ಏಳು ಸಿಹಿ ಇದ್ದರೆ ಅದೆಂಥ ವ್ಯಾಪಾರ? ನಮ್ಮ ಮನಾಮಾದ ಹಲ್ವಾ ಅಂಗಡಿಯವರು ಮೊದಲು ಒಂದು ಚಮಚ ಬಾಯಿಗೆ ಕೊಟ್ಟು ಆಮೇಲೆ ಮಾತಾಡುತ್ತಾರೆ. ಇಲ್ಲಿ ರುಚಿ ನೋಡಲು ಚೂರೂ ಇಲ್ಲ. ಹುಡುಗನ ತಾಯಿಯೇ ಇರಬೇಕು, ನನ್ನ ಪ್ರಾಯದವಳು, ನಾನು ಬೆರಳು ತೋರಿಸಿದ್ದನ್ನೆಲ್ಲ ತಟ್ಟೆಗೆ ಹಾಕಿದಳು. ಮತ್ತೆ ಅರೆಬರೆ ಇಂಗ್ಲಿಷಿನಲ್ಲಿ, "ಮನೆಗೆ ಎಷ್ಟು ಗಂಟೆ?" ಎಂದಳು. ನನ್ನ ಮನೆ ಇವಳಿಗೇಕೆ? ಬಹರೈನಿಗೆ ಒಂದು ದಿನ ಎಂದೆ. ಕೂಡಲೇ ಸಿಹಿಯನ್ನೆಲ್ಲ ವಾಪಸು ಗಾಜಿನೊಳಗಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಬಣ್ಣ ನೋಡಿ ಕೊಡಲಿಲ್ಲ, ನಾಳೆ ನನ್ನ ಮಗಳಿಗೂ ಇದೇ ಗತಿ ಎಂದುಕೊಂಡೆ.

ಹೊರಡಲು ತಿರುಗಿದಾಗ ಮೇಲಿನ ಶೆಲ್ಫಿನಲ್ಲಿ ಕಂಡದ್ದು ನಮ್ಮ ಸ್ಟೀಲ್ ಡಬ್ಬ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ನಿಮ್ಮ ಹೆಸರು. ಹೋದ ಕ್ರಿಸ್ಮಸ್‌ಗೆ ನಾನು ನೆವ್ರಿ, ಕಿಡಿಯೊ ಕರಿದು ತುಂಬಿಸಿ ಮಗಳಿಗೆ ಕಳಿಸಿದ್ದು. "ಡಬ್ಬ ಕಳೆದುಹೋಯಿತು ಮಮ್ಮಿ" ಎಂದಿದ್ದಳು ಕಳ್ಳಿ. ನಾನು ನೋಡುತ್ತಿದ್ದುದನ್ನು ಅಂಗಡಿಯಾಕೆ ನೋಡಿದಳು. ಡಬ್ಬ ಇಳಿಸಿ, ಹೆಸರಿನ ಮೇಲೆ ಬೆರಳಿಟ್ಟು "ರಾಫೆಲ್-ಸಾನ್" ಎಂದಳು. ಆಮೇಲೆ ಮಗಳಿಗೂ ಬಂದಿರುವ ನನ್ನ ಮೂಗು ತೋರಿಸಿ "ಜೋಯ್ಲಿನ್" ಎಂದಳು. ಒಳಗಿನಿಂದ ಅಕ್ಕಿಹಿಟ್ಟು ಸಕ್ಕರೆಯ ಒಣ ಸಿಹಿ ತಂದು, ಒಂದೊಂದಾಗಿ ಜೋಡಿಸಿ ತುಂಬಿಸಿ, ಎರಡೂ ಕೈಯಲ್ಲಿ ಕೊಟ್ಟು ಬಗ್ಗಿದಳು. ನಾನೂ ಬಗ್ಗಿದೆ, ಮೊಣಕಾಲು ಲಟಕ್ಕೆಂದಿತು.

ಸಂಜೆ ಮಗಳಿಂದ ಚೆನ್ನಾಗಿ ಬೈಸಿಕೊಂಡೆ. ಗಾಜಿನ ಪೆಟ್ಟಿಗೆಯ ಸಿಹಿಯನ್ನು ಅಂದೇ ತಿನ್ನಬೇಕಂತೆ, ಅದಕ್ಕೆ ಎಲ್ಲ ಗಿರಾಕಿಗಳಿಗೂ ದಾರಿ ಎಷ್ಟೆಂದು ಕೇಳುತ್ತಾರಂತೆ. ಒಣ ಸಿಹಿಯಾದರೆ ಬಹಳ ದಿನ ಕೆಡುವುದಿಲ್ಲವಂತೆ. ಡಬ್ಬ ಖಾಲಿ ಹಿಂದಿರುಗಿಸಬಾರದೆಂಬ ನಮ್ಮ ಕ್ರಮವನ್ನು, ಅವರಿಗೆ ಡಬ್ಬ ಕೊಟ್ಟಾಗ ಇವಳೇ ಹೇಳಿದ್ದಳಂತೆ. ನಮ್ಮವರು ಯಾರಾದರೂ ಬರಲೆಂದು ಹನ್ನೊಂದು ತಿಂಗಳು ಒರೆಸಿ ಇಟ್ಟಿದ್ದರಂತೆ. ಮರುದಿನ ಎಲ್ಲರೂ ಸೇರಿದಾಗ ಹುಡುಗನ ತಾಯಿ ನನ್ನ ಕಳ್ಳ ಭೇಟಿಯ ಸುದ್ದಿ ಎತ್ತಲೇ ಇಲ್ಲ. ಮೊದಲ ಸಲ ನೋಡಿದ ಹಾಗೆ ನಮಸ್ಕರಿಸಿದಳು. ನನ್ನ ಮಾನ ಉಳಿಯಿತು, ನಿಜ. ಆದರೆ ಇಷ್ಟು ಸಲೀಸಾಗಿ ನಟಿಸುವವರನ್ನು ನಂಬುವುದು ಹೇಗೆ? ಯೋಚಿಸಿ ಹೇಳುತ್ತೇನೆಂದು ಬಂದಿದ್ದೇನೆ.

ಪಕ್ಕದ ಫ್ಲ್ಯಾಟಿನ ಫ್ಲಾವಿಯಾ ಬಾಯಿ ನಿಮ್ಮನ್ನು ಕೇಳಿದ್ದಾರೆ. ದೇವರು ನಿಮ್ಮನ್ನು ಸಮುದ್ರದಲ್ಲಿ ಕಾಪಾಡಲಿ, ನೀವೂ ಬಿಸಿಲಿಗೆ ಟೊಪ್ಪಿ ಹಾಕಿಕೊಳ್ಳಿ.

ನಿಮ್ಮ
ಅಪೊಲಿನ್

ಮರೆತಿದ್ದೆ: ಡಬ್ಬ ನಿನ್ನೆ ಖಾಲಿಯಾಯಿತು. ಯಾರಿಗೂ ಕೊಡದೆ ಎಲ್ಲ ನಾನೇ ತಿಂದೆ. ಇನ್ನು ಅದನ್ನು ಖಾಲಿ ಕಳಿಸುವ ಹಾಗಿಲ್ಲವಲ್ಲ. ನೀವು ಡಿಸೆಂಬರಿನಲ್ಲಿ ಇಳಿದ ಮೇಲೆ ನೆವ್ರಿ ತುಂಬಿಸಿ ಇಬ್ಬರೂ ಕೊಂಡುಹೋಗುವ. ಹುಡುಗನ ಮದುವೆ ಸೂಟನ್ನು ಇಲ್ಲಿಯೇ ಹೊಲಿಸುವುದೆಂದು ಅಳತೆ ತರಿಸಿದ್ದೇನೆ. ತಪ್ಪು ಅಳತೆ ಕೊಟ್ಟಿರಲೂಬಹುದು, ಹೋದಾಗ ನೀವೇ ಒಮ್ಮೆ ಟೇಪು ಹಿಡಿದು ನೋಡಿ.