ರಾಮಾನುಜನ ಹಲಸಿನ ದಿಮ್ಮಿ

ನಗರ್ತಪೇಟೆ, ಬೆಂಗಳೂರು
೨-೯-೧೯೫೬

ಚಿ. ಸೌ. ಮಹಾನಂದಳಿಗೆ ಅಪ್ಪಾಜಿಯ ಮನಃಪೂರ್ವಕ ಆಶೀರ್ವಾದ.

ಮಗಳೇ, ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಅಂಗಡಿಯಲ್ಲಿ ವೀಣೆ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು. ನಿಜವೆಂದರೆ ಈ ಮಳೆಯಲ್ಲಿ ಮರ ಒಣಗದೆ ನೊಣ ಹೊಡೆಯುತ್ತ ಕೂತಿದ್ದೇನೆ. ನಿನ್ನ ಅವ್ವನ ಮಂಡಿನೋವು ಕಡಿಮೆಯಾಗಿದೆ. ಅಳಿಯಂದಿರಿಗೆ ಮೈಸೂರಿನ ನೀರು ಒಗ್ಗಿತೆಂದು ತಿಳಿದು ಸಂತೋಷ. ಉತ್ತರ ತಡವಾದದ್ದು ನಿನ್ನ ಕೊನೆಯ ಸಾಲಿನಿಂದ: "ರಾಮಾನುಜ ಮಾಮ ಗಿಟಾರ್ ಮುಟ್ಟೋದೇ ಇಲ್ಲವಂತೆ, ಯಾಕೆ?"

ಯಾಕೆಂದು ಅವನ ಗೆಳೆಯನಾದ ನನ್ನೊಬ್ಬನಿಗೇ ಗೊತ್ತು. ಹೋದ ವರ್ಷ ದಂಡು ಪ್ರದೇಶದ ಬ್ಯಾಂಡಿನವನೊಬ್ಬ ಲಂಡನ್ನಿಗೆ ಹೊರಟಾಗ ರಾಮಾನುಜ ಅವನಿಂದ ಅಯಸ್ಕಾಂತದ ಸುರುಳಿ, ಧ್ವನಿವರ್ಧಕದ ಪೆಟ್ಟಿಗೆ ಎಲ್ಲ ಕೊಂಡು ತಂದ. ತೊಡೆಯ ಮೇಲೆ ಮಲಗಿಸಿ ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ಕರೆಂಟ್ ಗಿಟಾರ್ ಅದು. ಮೈ ನಾನೇ ಕಡೆದುಕೊಡಬೇಕಂತೆ. ಮಲ್ಲೇಶ್ವರದ ಅವರ ಹಿತ್ತಲಲ್ಲಿ ತಂದೆಯ ಕಾಲಕ್ಕೆ ಉರುಳಿದ ಹಲಸಿನ ದಿಮ್ಮಿಯನ್ನು ಗಾಡಿಯಲ್ಲಿ ಹೇರಿಸಿಕೊಂಡೇ ಬಂದಿದ್ದ.

"ಇಪ್ಪತ್ತು ವರ್ಷ ಒಣಗಿದೆ ಕಣೋ ಏಕಾಂತ. ನಾದ ಮರದಲ್ಲಿರತ್ತೆ" ಎಂದ.

"ಕರೆಂಟಲ್ಲಿ ಕೂಗೋದಕ್ಕೆ ಯಾವ ಮರ ಆದ್ರೇನು? ನಾಳೆ ರೇಡಿಯೋಗೂ ಹಲಸಿನ ಪೆಟ್ಟಿಗೆ ಕೇಳ್ತೀಯ" ಎಂದು ನಾನು ನಕ್ಕೆ.

"ನೀನು ಬಲ್ಲವನು. ಆದ್ರೂ ಇದ್ರಲ್ಲೇ ಮಾಡು."

ಅವನು ಹೋದ ಮೇಲೆ ದಿಮ್ಮಿಗೆ ಗೆಣ್ಣಿನಿಂದ ಬಡಿದೆ. ಅಯ್ಯೋ ಶಿವನೇ, ಕಂಚಿನ ನಾದ! ನಮ್ಮಪ್ಪನ ಕೈಗೂ ಅಂಥ ಮರ ಸಿಕ್ಕಿರಲಿಲ್ಲ. ಒಂದು ವೀಣೆಯ ಕೊಡ ಕಡೆಯುವಷ್ಟೇ ದಪ್ಪ. ಗಿಟಾರಿಗೆಂದು ನಡುವೆ ಹಲಗೆ ಸೀಳಿದರೆ ವೀಣೆಗೆ ಏನೂ ಉಳಿಯದು. ಹಾಳು ಕರೆಂಟಿಗೆ ಇದನ್ನು ಬಲಿ ಕೊಡುವುದೇ ಎನಿಸಿತು. ವೀಣೆಗೆಂದು ಗೋಣಿ ಹೊದಿಸಿ ಮೂಲೆಗಿಟ್ಟೆ. ಸರಿಯಾಗಿ ಒಣಗದ ಮಾವಿನ ಹಲಗೆಯಲ್ಲಿ ಅವನ ಗಿಟಾರ್ ಕಡೆದು, ಹಲಸಿನ ಬಣ್ಣ ಬರಲೆಂದು ಅರಿಶಿನ ತಿಕ್ಕಿ ಪಾಲಿಶ್ ಹಾಕಿದೆ. ಮೋಸ ಎನಿಸಲಿಲ್ಲ ಮಗಳೇ. ಒಳ್ಳೆಯ ಮರವೊಂದನ್ನು ಕಾಪಾಡಿದೆನೆಂಬ ಜಂಬವೇ ಇತ್ತು.

ರಾಮಾನುಜ ಅಂಗಡಿಯಲ್ಲೇ ಮೀಟಿ ನೋಡಿದ. ಸ್ವರ ಹುಟ್ಟಿತು, ಕಡ್ಡಿ ಜಾರಿಸುವಷ್ಟರಲ್ಲಿ ಸತ್ತಿತು. ತಂತಿ ಬದಲಾಯಿಸಿದ, ಪೆಟ್ಟಿಗೆಯ ವೈರು ಬದಲಾಯಿಸಿದ. ದಂಡಿನ ಕ್ಲಬ್ಬೊಂದರಲ್ಲಿ ಪರೀಕ್ಷೆಗೆ ನುಡಿಸಿದಾಗ, ಸ್ವರ ನಿಲ್ಲುವುದಿಲ್ಲವೆಂದು ವಾಪಸ್ ಕಳಿಸಿದರಂತೆ. ನನ್ನ ಹತ್ತಿರ ಬಂದು, "ಕೈ ಹೋಯ್ತು ಕಣೋ. ನಮ್ಮ ಮರ, ನಿನ್ನ ಕೆಲಸ, ಅದ್ರಲ್ಲಿ ದೋಷ ಇರಕ್ಕಾಗತ್ತಾ?" ಎಂದ. ಆಗಲೇ ಹೇಳಬೇಕಿತ್ತು. "ಸಾಧನೆ ಸಾಲ್ದು, ಇನ್ನಷ್ಟು ಮಾಡು" ಎಂದೆ. ಕಳ್ಳ ನಾನು, ಬುದ್ಧಿವಾದ ಅವನಿಗೆ! ಪಾಪ, ಬೆರಳು ಬಾತುಕೊಳ್ಳುವವರೆಗೆ ತಿಂಗಳುಗಟ್ಟಲೆ ಸಾಧನೆ ಮಾಡಿದ.

ನಿನ್ನ ಕಾಗದ ಬಂದ ಮೇಲೆ ಮೂರು ಸಲ ಅವನ ಮನೆಗೆ ಹೋದೆ. "ಆಫೀಸಿಂದ ಬಂದ ತಕ್ಷಣ ನುಡಿಸ್ತಿದ್ರು, ಈಗ ಗೋಡೆ ನೋಡ್ತಾ ಕೂತಿರ್ತಾರೆ. ನೀವಾದ್ರೂ ಹೇಳಿ" ಎಂದು ಅವನ ಹೆಂಡತಿ ಗೋದಮ್ಮ ಕಾಫಿ ಕೊಟ್ಟರು. ಕಾಫಿ ಕುಡಿದು, ಮಳೆಯ ಮಾತಾಡಿ ಎದ್ದು ಬಂದೆ, ಮೂರು ಸಲವೂ. ನಾಚಿಕೆಯಾಗುತ್ತದೆ ಮಗಳೇ. ಐವತ್ತೆಂಟು ವರ್ಷದ ಗಂಡಸಿಗೆ ಒಂದು ಮಾತು ಬಾಯಿಂದ ಹೊರಡುವುದಿಲ್ಲ.

ಅವ್ವ ಚಟ್ನಿಪುಡಿ ಕಳಿಸಿದ್ದಾಳೆ. ನೀನೂ ಅಳಿಯಂದಿರೂ ನೂರು ಕಾಲ ಸುಖವಾಗಿರಿ.

ಇಂತಿ,
ನಿನ್ನ ಅಪ್ಪಾಜಿ
ಏಕಾಂತಯ್ಯ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಆ ದಿಮ್ಮಿಯಲ್ಲಿ ಕಡೆದದ್ದು ನಿನಗೆ ಕೊಟ್ಟ ವೀಣೆ. ಮದುವೆಯ ಮರುದಿನ ನೀನು ನುಡಿಸಿದಾಗ ರಾಮಾನುಜ ಕಣ್ಣೊರೆಸಿಕೊಂಡು, ನಿನ್ನ ತಲೆಯ ಮೇಲೆ ಕೈಯಿಟ್ಟು, "ಕೈ ಅಂದ್ರೆ ಇದು ಕಣಮ್ಮ. ಎಷ್ಟು ಹೊತ್ತು ನಿಲ್ಲತ್ತೆ ಸ್ವರ! ಇದನ್ನ ಕೇಳಿದ್ಮೇಲೆ ನಾನು ಮುಟ್ಟಬಾರ್ದು" ಎಂದನಲ್ಲ, ತಮಾಷೆಗೆ ಅಂದನೆಂದು ನೀನು ನಕ್ಕೆ. ಅವನು ನಿಲ್ಲಿಸಿದ್ದು ಅಂದೇ. ನಾನು ಪಕ್ಕದಲ್ಲೇ ನಿಂತಿದ್ದೆ. ತಾಂಬೂಲದ ತಟ್ಟೆಯನ್ನು ಅವನ ಮುಂದೆ ಹಿಡಿದೆ.