ಹಿಂದಿರುಗಿದ ಒಂದು ಪರಮಾಣು

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ

ನಮ್ಮ ಬುಗುರಿಯ ಅಪ್ಪನಿಗೆ,

ಹೇಗಿದ್ದೀರಿ? ಸೇತುವೆ ಕೆಲಸದಲ್ಲಿ ಬಿಸಿಲೆನ್ನದೆ ನಿಂತು ಬೆನ್ನುನೋವು ಹೆಚ್ಚಾಗಿರಬೇಕು. ಊಟ ಬಿಡಬೇಡಿ, ಹಸಿದರೆ ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತೀರಿ, ಪಾಪ, ಆ ಕೆಲಸದವರು ಏನು ಮಾಡಿಯಾರು. ಅತ್ತೆ ಆರೋಗ್ಯವಾಗಿದ್ದಾರೆ. ಬುಗುರಿ ತೀರಿಕೊಂಡ ಮೇಲೂ ಬಾಗಿಲಿಗೆ ಮೇಲಿನ ಚಿಲಕವನ್ನೇ ಹಾಕುತ್ತಾರೆ, ಅವಳ ಕೈಗೆ ಎಟುಕದಿರಲೆಂದು. ನಾನು ನೋಡಿಯೂ ನೋಡದ ಹಾಗೆ ಇರುತ್ತೇನೆ.

ಬುಧವಾರ ನಮ್ಮ ಪ್ರಯೋಗ ಕೊನೆಗೂ ಕೈಗೂಡಿತು. ಗಾಳಿಯನ್ನೆಲ್ಲ ಹೀರಿ ತೆಗೆದ ಡಬ್ಬಿಯೊಳಗೆ ಒಂದೇ ಒಂದು ಪರಮಾಣುವನ್ನು ಲೇಸರ್ ಬೆಳಕಿನಲ್ಲಿ ಹಿಡಿದಿಡಲು ವರ್ಷಗಟ್ಟಲೆ ಒದ್ದಾಡಿದ್ದು ನಿಮಗೆ ಗೊತ್ತೇ ಇದೆ. ಅಷ್ಟು ಚಿಕ್ಕದರ ಲೋಕದಲ್ಲಿ ಕಾಲಕ್ಕೆ ಹಿಂದು ಮುಂದು ಎಂಬ ಭೇದವಿಲ್ಲ. ಲೆಕ್ಕ ಎರಡೂ ಕಡೆಗೆ ಸರಿಹೋಗುತ್ತದೆ. ಆ ಪರಮಾಣುವನ್ನು ಸ್ವಲ್ಪ ಹೊತ್ತು ಬದಲಾಗಲು ಬಿಟ್ಟು, ಆಮೇಲೆ ಬೆಳಕಿನಿಂದ ಮೆಲ್ಲಗೆ ತಟ್ಟಿದೆವು. ಬಂದ ದಾರಿಯಲ್ಲೇ ತಿರುಗಿ, ಏನೂ ಆಗಿಯೇ ಇಲ್ಲವೆನ್ನುವ ಹಾಗೆ ಮೊದಲಿದ್ದಂತೆಯೇ ಆಗಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಹೊರಗೆ ಬಂದಾಗ ನಮ್ಮ ದೊಡ್ಡ ಮೇಷ್ಟ್ರು, ಅದೇ ಪ್ರಯೋಗಾಲಯದ ಮುಖ್ಯಸ್ಥರು, ಕಾಯುತ್ತಾ ನಿಂತಿದ್ದರು. “ಇದಕ್ಕೆ ಆಗಿದ್ದು ಉಳಿದಿದ್ದಕ್ಕೆ ಯಾಕೆ ಆಗಲ್ಲ ಸರ್?” ಎಂದೆ. ಉತ್ತರ ನನಗೇ ಗೊತ್ತಿತ್ತು. ಆದರೂ ಅವರು ಮಗುವಿಗೆ ಹೇಳುವಂತೆ ಹೇಳಿದರು: “ಅದು ಹೊರಗಿನ ಯಾವುದನ್ನೂ ಮುಟ್ಟಿಲ್ಲಮ್ಮ, ಅದಕ್ಕೇ ವಾಪಸ್ ಬಂತು. ಚೂರು ಗಾಳಿ ತಗುಲಿದ್ರೂ ಮುಗೀತಿತ್ತು.”

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನಿಂತು ನೋಡಿದೆ. ಬುಗುರಿ ಮುಟ್ಟದ ವಸ್ತು ಈ ಮನೆಯಲ್ಲಿ ಯಾವುದಿದೆ, ಹೇಳಿ. ಗೋಡೆ, ಪರದೆ, ನೀವು ಬಿಟ್ಟುಹೋದ ಹಳೆಯ ಕನ್ನಡಕ, ಅಜ್ಜಿಯ ಗಲ್ಲ, ನನ್ನ ಕಿವಿಯೋಲೆ. ಎಲ್ಲದರ ಮೇಲೂ ಕೈಯಾಡಿಸಿಯೇ ಹೋದಳು.

ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ಇಂತಿ,
ಬುಗುರಿಯ ಅಮ್ಮ

ತಾ.ಕ.: ಮರೆತದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ. ನಿನ್ನೆ ಬುಗುರಿಯನ್ನು ನೋಡಿದ್ದ ಆಸ್ಪತ್ರೆಯ ಡಾಕ್ಟರನ್ನು ಕಂಡೆ. “ಬೆಳಗಾಗ್ಲಿ, ಜ್ವರ ಇಳಿಯುತ್ತೆ” ಎಂದು ಆ ರಾತ್ರಿ ನೀವು ಅಂದದ್ದಕ್ಕೇ ಅವಳು ಹೋದಳೆಂದುಕೊಂಡು ಊರು ಬಿಟ್ಟಿರಿ. ಆಗಲೇ ಕರೆತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. “ಗೊತ್ತಿಲ್ಲ” ಎಂದರು. ‘ಇಲ್ಲ ಅಂದರು’ ಎಂದೇ ನಿಮಗೆ ಬರೆಯಲು ಕೂತಿದ್ದೆ, ಕೈ ಏಳಲಿಲ್ಲ. ಈ ‘ಗೊತ್ತಿಲ್ಲ’ವನ್ನು ನಾನೊಬ್ಬಳೇ ಹೊರಲಾರೆ. ನಿಮ್ಮಿಂದಲೂ ಆಗುವುದಿಲ್ಲ. ಬಂದುಬಿಡಿ.