ನಂಜನಗೂಡಿನ ಶವಾಗಾರದಲ್ಲಿ ನಾನು ಹೇಳಿದ ಸುಳ್ಳು

ಅಕ್ಕ,

ಬನ್ನೂರಿನ ನಮ್ಮ ಗದ್ದೆಯ ಬದುವಿನ ಮೇಲೆ ನೀನು ಕಾಲು ಚಾಚಿ ಕೂತರೆ, ನಿನ್ನ ಎಡಗಾಲಿನ ಕೂಡಿಕೊಂಡ ಎರಡು ಬೆರಳುಗಳನ್ನು ಬಿಡಿಸಲು ನೋಡುತ್ತಿದ್ದೆನಲ್ಲ, ನೆನಪಿದೆಯಾ? "ಕಿತ್ರೆ ರಕ್ತ ಬತ್ತದೆ ಕಣೇ, ಬುಡು" ಎಂದು ನೀನು ನಗುತ್ತಿದ್ದೆ. ಅದೇ ಕಾಲಿನ ಮಂಡಿಯ ಕೆಳಗೆ, ಕಬ್ಬು ಕಡಿಯುವಾಗ ಮಚ್ಚು ತಗುಲಿದ ಗಾಯದ ಕಲೆ. ಮುಖವಿಲ್ಲದಿದ್ದರೂ ನಿನ್ನನ್ನು ಗುರುತಿಸಲು ನನಗೆ ಅಷ್ಟು ಸಾಕಿತ್ತು.

ನಿನ್ನ ಗಂಡ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ, "ನಿಮ್ಮಗ್ಳು ಯಾರ್ ಜೊತೇಲೋ ಓಡೋದ್ಲು" ಎಂದ. ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ, ನಂಜನಗೂಡಿನಲ್ಲಿ ಬಾಡಿಗೆ ಮನೆ, ಕುಡಿತವಿಲ್ಲ, ಬೀಡಿಯಿಲ್ಲ. ಅಂಥವನ ಮಾತನ್ನು ಯಾರು ತಾನೇ ನಂಬುವುದಿಲ್ಲ? ಹಬ್ಬಕ್ಕೆ ಬಂದಾಗ ನಿನ್ನ ಬೆನ್ನ ಮೇಲಿನ ಬಾಸುಂಡೆ ನೋಡಿದ್ದ ನಾನೂ ಬಾಯಿ ಬಿಡಲಿಲ್ಲ. ಅಮ್ಮ ನಿನ್ನ ಬಟ್ಟೆಯನ್ನೆಲ್ಲ ಒಲೆಗೆ ಹಾಕಿದಳು.

ನಾಲ್ಕನೆಯ ದಿನ, ಹೆಂಡತಿ ಕಾಣೆಯೆಂದು ಅವನೇ ಕೊಟ್ಟಿದ್ದ ದೂರು ನೋಡಿ, ಪೊಲೀಸರು ನಂಜನಗೂಡಿಗೆ ಕರೆಸಿದಾಗ ಅಪ್ಪನ ಜೊತೆ ಹೋದವಳು ನಾನು. ನಾಲೆಯಲ್ಲಿ ಸಿಕ್ಕ ಹೆಣ. ಮುಖವನ್ನು ಕಲ್ಲಿನಿಂದ ಜಜ್ಜಿದ್ದರು. ಮುಖದಲ್ಲಿ ಉಳಿದದ್ದನ್ನು ಮೀನು ತಿಂದಿದ್ದವು. ಸಬ್ ಇನ್‌ಸ್ಪೆಕ್ಟರು ಕಾಲಿನ ಕಡೆ ಬಟ್ಟೆ ಎತ್ತಿದರು. ಅದೇ ಬೆರಳು. ಅದೇ ಕಲೆ. ಅಪ್ಪ ಬಹಳ ಹೊತ್ತು ನೋಡಿ, "ನಮ್ ಉಡ್ಗಿ ಅಲ್ಲ ಸಾ" ಎಂದ.

"ನೀನ್ ಹೇಳಮ್ಮ. ಅಕ್ಕನ ಕಾಲು ನಿಂಗೆ ಗೊತ್ತಿರಲ್ವಾ?" ಎಂದು ಸಬ್ ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು.

ನನ್ನ ಮದುವೆಗೆ ಹನ್ನೆರಡು ದಿನವಿತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಕೊಲೆ, ಕೋರ್ಟು, ಪೇಪರಿನಲ್ಲಿ ಫೋಟೊ... ಯಾವ ಗಂಡಿನ ಮನೆಯವರು ನಿಲ್ಲುತ್ತಾರೆ?

"ಅಲ್ಲ ಸಾ" ಎಂದೆ. ಕೊಟ್ಟ ಕಾಗದಕ್ಕೆ ರುಜು ಹಾಕಿದೆ. ನಿನ್ನನ್ನು ಅಪರಿಚಿತ ಹೆಂಗಸೆಂದು ಹೂತರು.

ನನ್ನ ಮದುವೆಯ ಪಂಕ್ತಿಯಲ್ಲಿ ಅವನೂ ಕೂತಿದ್ದ. ಎರಡು ಸಲ ಪಾಯಸ ಹಾಕಿಸಿಕೊಂಡ. "ಅಕ್ಕ ಬರ್ನಿಲ್ಲ ಅಂತ ಬೇಜಾರ್ ಮಾಡ್ಕಬ್ಯಾಡ" ಎಂದು ನನ್ನ ಕೈಗೆ ಸೀರೆಯಿಟ್ಟ. ನನಗೆ ಗೊತ್ತಿದೆಯೆಂದು ಅವನಿಗೆ ಗೊತ್ತಿತ್ತು. ಆ ಸೀರೆಯನ್ನು ನಾನು ಉಟ್ಟೆ ಕೂಡ.

ನೀನು ಹೋದ ಎಂಟು ವರ್ಷಕ್ಕೆ, ಅಪ್ಪ ತೀರಿಕೊಂಡ ಮೇಲೆ, ಠಾಣೆಗೆ ಹೋಗಿ ನಿಜ ಹೇಳಿದೆ. ಹಳೆಯ ಕಡತದಲ್ಲಿ ನಿನ್ನ ಕಾಲಿನ ಫೋಟೊ ಇನ್ನೂ ಇತ್ತು. ಕೇಸು ನಡೆಯಿತು. ಅವನ ವಕೀಲರು ನನ್ನ ಹಳೆಯ ಹೇಳಿಕೆ ಓದಿ, "ಆವಾಗ ಸುಳ್ಳು ಹೇಳಿದ್ರೋ, ಈಗಲೋ?" ಎಂದು ಕೇಳಿದರು. ನಿನ್ನ ಕಿರುಚಾಟ ಕೇಳಿದ್ದ ಅಕ್ಕಪಕ್ಕದವರು ಅಷ್ಟರಲ್ಲಿ ಮನೆ ಖಾಲಿ ಮಾಡಿ ಎಲ್ಲೋ... ಹೆಣ ನಿನ್ನದೆಂದು ಕೋರ್ಟು ಒಪ್ಪಿತು. ಕೊಂದವನು ಅವನೆನ್ನಲು ಸಾಕ್ಷಿ ಸಾಲದೆಂದು ಅವನನ್ನು ಬಿಟ್ಟಿತು. ಹೊರಗೆ ಅಮ್ಮ ನನ್ನ ಕೈ ಕೊಡವಿದಳು. "ಎಂಟ್ ವರ್ಸ ಸತ್ತೋಳ್ನ ಬೈಕಂಡ್ ಕೂತಿದ್ನಲ್ಲೇ ನಾನು. ನೀನ್ ಕೇಳ್ಕಂಡ್ ಸುಮ್ಗಿದ್ದೆ" ಎಂದಳು. ಅವಳು ಈಗ ನನ್ನ ಜೊತೆ ಮಾತಾಡುವುದಿಲ್ಲ.

ನಿನ್ನ ಹೆಸರಿನ ಮರಣ ಪ್ರಮಾಣಪತ್ರ ಕೈಗೆ ಬಂದ ದಿನ ಎಷ್ಟು ಅತ್ತೆ ಗೊತ್ತಾ? ಓಡಾಡಿ ಮಾಡಿಸಿದವಳು ನಾನೇ. ಅದರದೇ ಒಂದು ಪ್ರತಿ ತೋರಿಸಿ ಅವನು ತಲಕಾಡು ಕಡೆಯ ಹುಡುಗಿಯೊಬ್ಬಳನ್ನು ಗೊತ್ತು ಮಾಡಿಕೊಂಡ. ಮದುವೆಗೆ ಮುಂಚೆ ಆ ಮನೆಗೆ ಹೋಗಿ ಎಲ್ಲ ಹೇಳಿದೆ. "ಕೋರ್ಟೇ ಬುಟ್ಬುಟ್ಟದೆ, ನೀನ್ಯಾರವ್ವ?" ಎಂದಳು ಅವಳ ತಾಯಿ. ಮದುವೆ ನಡೆದುಹೋಯಿತು.

ಅವನು ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು ನಂಜನಗೂಡಿನ ಆ ಮನೆಗೆ ಹೋಗತೊಡಗಿದೆ. ಮೊದಲ ಸಲ ಹುಡುಗಿ ಬಾಗಿಲು ಹಾಕಿಕೊಂಡಳು. ನಿನ್ನೆ ಒಳಗೆ ಕರೆದು ನೀರು ಕೊಟ್ಟಳು. ಮಣಿಕಟ್ಟಿನ ಸುತ್ತ ಸುಟ್ಟ ಗಾಯ.

"ಒಲೆ ತಾಗ್ತು" ಎಂದಳು.

"ಬಟ್ಟೆ ತಕ್ಕೊ. ನರಸೀಪುರದ ಬಸ್ಸು ಈಗ ಬತ್ತದೆ" ಎಂದೆ. ಬರುತ್ತಾಳೆಂದು ನಾನು ನಂಬಿರಲಿಲ್ಲ. ಬಂದಳು.

ಅಕ್ಕ, ಅವಳು ಈಗ ನರಸೀಪುರದ ನನ್ನ ನಡುಮನೆಯಲ್ಲಿ ಮಲಗಿದ್ದಾಳೆ. ಇವತ್ತು ಬೆಳಿಗ್ಗೆ ಅವನು ಬಂದು ಬಾಗಿಲು ಬಡಿದು, "ಅವ್ಳು ಇಲ್ಲೇ ಅವ್ಳಾ?" ಎಂದು ಕೇಳಿದ.

"ಇಲ್ಲೇ ಅವ್ಳೆ" ಎಂದೆ. ಬಾಗಿಲು ತೆಗೆಯಲಿಲ್ಲ.